ಇಳಿಜಾರಿನ ಕರೆಂಟು

ಟ್ರಿಪೋಲಿಯ ಬಂದರು ಪೇಟೆ ಮೀನಾದ ಆ ಗಲ್ಲಿಯಲ್ಲಿ ಸುಬ್ಹಿಯನ್ನು ಸುಬ್ಹಿ ಎಂದು ಕರೆಯುತ್ತಿದ್ದವಳು ಹೆಂಡತಿ ವಫೀಕಾ ಒಬ್ಬಳೇ. ಮಿಕ್ಕವರ ಬಾಯಲ್ಲಿ ಅವನು ಅಬು ಶಕ್ರಾ, ಅಂದರೆ ಶಕ್ರಾಳ ಅಪ್ಪ. ಲೆಬನಾನಿನಲ್ಲಿ ಗಂಡಸಿಗೆ ಮೊದಲ ಮಗ ಹುಟ್ಟಿದನೆಂದರೆ ಅವನ ಸ್ವಂತ ಹೆಸರು ಮೂಲೆ ಸೇರಿತೆಂದೇ ಲೆಕ್ಕ. ಸಾಯುವತನಕ ಅವನು ಇಂಥವನ ಅಪ್ಪ. ಸುಬ್ಹಿಗೆ ಮಕ್ಕಳಾಗಲಿಲ್ಲ. ಇದ್ದದ್ದು ಒಂದು ಹಳೆಯ ಮರ್ಸಿಡಿಸ್ ಟ್ಯಾಕ್ಸಿ, ಹೊಂಬಣ್ಣದ್ದು. ಹೊಂಗೂದಲ ಹುಡುಗಿಯನ್ನು ಅಲ್ಲಿ ಶಕ್ರಾ ಎನ್ನುತ್ತಾರೆ. ಕಾಫಿ ಅಂಗಡಿಯಲ್ಲಿ ಯಾರೋ ತಮಾಷೆಗೆ ಹಚ್ಚಿದ ಹೆಸರು ಮೈಗೆ ಅಂಟಿಕೊಂಡಿತು. ವಫೀಕಾಳನ್ನೂ ಬಿಡಲಿಲ್ಲ, ಅವಳು ಉಮ್ಮ್ ಶಕ್ರಾ ಆದಳು. ಮಕ್ಕಳಿಲ್ಲದ ಹೆಂಗಸನ್ನು ಕಾರಿನ ತಾಯಿ ಎಂದು ಕರೆಯುವುದು ಎಂಥ ತಮಾಷೆಯೋ ದೇವರೇ ಬಲ್ಲ. ಆದರೆ ಅವಳು ಅಳುವ ಪೈಕಿಯವಳಲ್ಲ. "ನನ್ನ ಮಗಳು ನಿಮ್ಮ ಮಕ್ಕಳ ಥರ ಅಲ್ರೀ, ದಿನಾ ದುಡಿದು ತಂದು ಹಾಕ್ತಾಳೆ" ಎಂದು ಬಾಲ್ಕನಿಯಿಂದಲೇ ಎಲ್ಲರ ಬಾಯಿ ಮುಚ್ಚಿಸಿದ್ದಳು.

ಅವಳದು ಬಾಯಿ ಜೋರು, ಪ್ರೀತಿಯೂ ಜೋರು. ಸುಬ್ಹಿ ಮನೆಯಿಂದ ಹೊರಟಾಗಲೆಲ್ಲ ಮೆಟ್ಟಿಲ ತುದಿಯಲ್ಲಿ ನಿಂತು, "ನಿನ್ನ ಕೈಯಾರೆ ನನ್ನ ಮಣ್ಣು ಮಾಡಪ್ಪಾ" ಎನ್ನುತ್ತಿದ್ದಳು. ಕೇಳಿ ಯಾರೂ ಬೆಚ್ಚಬೇಕಾಗಿಲ್ಲ. ಆ ಊರಲ್ಲಿ ಅದು ಮುದ್ದಿನ ಮಾತು. ತಾಯಿ ಮಗುವಿಗೆ ಹೇಳುತ್ತಾಳೆ, ಹೆಂಡತಿ ಗಂಡನಿಗೆ ಹೇಳುತ್ತಾಳೆ, ಹಣ್ಣಿನಂಗಡಿಯವನು ಕೂಡ ಚೆಂದದ ಗಿರಾಕಿಗೆ ಹೇಳಿಬಿಡುತ್ತಾನೆ: ನಿನಗಿಂತ ಮೊದಲು ನಾನು ಹೋಗಲಿ, ನೀನಿಲ್ಲದ ದಿನ ನನಗೆ ಬೇಡ ಎಂದು ಅದರ ಅರ್ಥ. ಸುಬ್ಹಿ ಅದನ್ನು ಬೆಳಗಿನ ಕಾಫಿಯ ಹಾಗೆ ದಿನವೂ ತೆಗೆದುಕೊಂಡು ಹೋಗುತ್ತಿದ್ದ.

ವಫೀಕಾಳ ಎದೆ ಕೆಟ್ಟಿತು. ಸಿಗರೇಟು ಮುಟ್ಟಿದವಳಲ್ಲ, ಹುಕ್ಕಾದ ಹತ್ತಿರ ಸುಳಿದವಳಲ್ಲ. ಮೊದಲು ಮೆಟ್ಟಿಲು ಹತ್ತುವಾಗ ಏದುಸಿರು, ಆಮೇಲೆ ಹಿಟ್ಟು ನಾದುವಾಗ, ಕಡೆಗೆ ಸುಮ್ಮನೆ ಕೂತಾಗಲೂ. ಡಾಕ್ಟರು ಗಾಳಿಯಿಂದ ಆಮ್ಲಜನಕ ಹಿಂಡಿಕೊಡುವ ಒಂದು ಯಂತ್ರ ಬರೆದುಕೊಟ್ಟರು. ಕುಕ್ಕರಿನಷ್ಟು ಸದ್ದು ಮಾಡುವ ಪೆಟ್ಟಿಗೆ, ಅದಕ್ಕೊಂದು ನೀರಿನ ಬಾಟಲಿ, ಬಾಟಲಿಯಿಂದ ಮೂಗಿಗೆ ಒಂದು ನಳಿಗೆ. ಯಂತ್ರ ಓಡುತ್ತಿದ್ದರೆ ಬಾಟಲಿಯ ನೀರಲ್ಲಿ ಗುಳುಗುಳು ಗುಳ್ಳೆ ಏಳುತ್ತವೆ. "ಹೊಗೆಯಿಂದ ದೂರ ಇರಬೇಕು" ಎಂದು ಡಾಕ್ಟರು ಸಲೀಸಾಗಿ ಹೇಳಿದರು. ಟ್ರಿಪೋಲಿಯಲ್ಲಿ ಕೂತು ಹೊಗೆಯಿಂದ ದೂರವಿರುವುದೆಂದರೆ ಸಮುದ್ರದೊಳಗೆ ಮನೆ ಮಾಡಬೇಕು.

ಆಗ ಬಂದವನು ಸೋದರಳಿಯ ಅಜ್ಜಾಮ್. ಬಂದರಿನ ಹತ್ತಿರ ಹಳೆ ಕಾರುಗಳ ವ್ಯಾಪಾರದಲ್ಲಿದ್ದ. ಯುರೋಪಿನವರು ಓಡಿಸಿ ಸಾಕಾಗಿ ಬಿಟ್ಟ ಕಾರುಗಳು ಹಡಗಿನಲ್ಲಿ ಅವನಲ್ಲಿಗೆ ಬರುತ್ತಿದ್ದವು. ಹುಡುಗ ಕೆಟ್ಟವನಲ್ಲ, ಅತ್ತೆಯೆಂದರೆ ಪ್ರಾಣ.

"ಮಾವ, ಸಿಟ್ಟು ಮಾಡ್ಕೋಬೇಡ. ಅತ್ತೆ ಎದೆ ಹಾಳು ಮಾಡಿದ್ದು ನಿನ್ನ ಈ ಮಗಳೇ."

"ನಾಲಿಗೆ ಉದ್ದ ಆಯ್ತು ಕಣೋ ನಿಂದು."

"ಶಕ್ರಾಳ ಹಿಂದೆ ಹೋಗಿ ಒಂದ್ಸಲ ನಿಂತ್ಕೊಂಡು ನೋಡು. ಕಬಾಬು ಸುಡೋನ ಒಲೆನೇ ಎಷ್ಟೋ ವಾಸಿ. ಅದೇ ಹೊಗೆ ಬಟ್ಟೆ ತುಂಬ ತುಂಬ್ಕೊಂಡು ಬಂದು ಅತ್ತೆ ಪಕ್ಕ ಮಲಗ್ತೀಯ. ಕರೆಂಟಿನ ಕಾರು ತಗೋ ಮಾವ. ಹೊಗೆನೇ ಇಲ್ಲ. ಇಳಿಜಾರಲ್ಲಿ ಇಳೀವಾಗ ತಾನೇ ಕರೆಂಟು ಹುಟ್ಟಿಸ್ಕೊಳ್ಳುತ್ತೆ, ಗೊತ್ತಾ?"

"ಮೀನಾ ರೊಟ್ಟಿ ಥರ ಚಪ್ಪಟೆ ಇದೆ. ಇಳಿಜಾರನ್ನ ನಿನ್ನಪ್ಪ ತಂದು ಕೊಡ್ತಾನಾ?" ಎಂದು ಸುಬ್ಹಿ ಗದರಿದ.

ಗದರಿದ, ಆದರೆ ಆ ಸಂಜೆ ಬಚ್ಚಲಲ್ಲಿ ಅಂಗಿ ಬಿಚ್ಚಿ ಮೂಗಿಗೆ ಹಿಡಿದ. ಪೆಟ್ರೋಲು, ಸುಟ್ಟ ಎಣ್ಣೆ. ಇಷ್ಟು ವರ್ಷ ಅದು ಅವನಿಗೆ ದುಡಿಮೆಯ ವಾಸನೆ. ಅವತ್ತು ಹೆಂಡತಿಯ ಕೆಮ್ಮಿನ ವಾಸನೆಯಾಯಿತು. ಒಂದು ವಾರ ಕಳೆಯಿತು. ಆಮೇಲೆ ಶಕ್ರಾಳನ್ನು ಗುಜರಿಯವನಿಗೆ ಕೊಟ್ಟು, ಟ್ಯಾಕ್ಸಿ ಓಡಿಸುವ ಪರವಾನಗಿಯೇ ಆದ ಅವಳ ಕೆಂಪು ನಂಬರ್ ಫಲಕವನ್ನು ಮಾತ್ರ ಬಿಚ್ಚಿಕೊಂಡು, ಕಂಕುಳಲ್ಲಿ ಇಟ್ಟುಕೊಂಡು ನಡೆದೇ ಮನೆಗೆ ಬಂದ. ಹೆಣ್ಣು ಒಪ್ಪಿಸಿ ಬಂದ ತಂದೆಯ ಮುಖ. ವಫೀಕಾ ಫಲಕವನ್ನು ಈಸಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿದಳು. "ನನಗೋಸ್ಕರ ಮಾರಿದ್ಯಾ ಹುಚ್ಚಪ್ಪಾ" ಎಂದಳು. "ನಿನ್ನ ಕೈಯಾರೆ ನನ್ನ ಮಣ್ಣು ಮಾಡು." ಮೊದಲ ಸಲ ಆ ಮಾತು ಅವನಿಗೆ ಚುಚ್ಚಿತು.

ಹೊಸ ಕಾರು ಬಿಳಿ. ಸದ್ದೇ ಇಲ್ಲ. ಕಾಫಿ ಅಂಗಡಿಯವರು ಸುತ್ತ ನೆರೆದು, "ಏನಪ್ಪಾ ಅಬು ಶಕ್ರಾ, ಎರಡನೇ ಮಗಳಿಗೆ ಏನು ಹೆಸರಿಟ್ಟೆ?" ಎಂದರು. "ಮೂಗಿ" ಎಂದ ಸುಬ್ಹಿ. ಹತ್ತಿದ ಪ್ರಯಾಣಿಕರು ಕಾರು ಚಲಿಸುವವರೆಗೂ "ಸ್ಟಾರ್ಟು ಮಾಡಣ್ಣಾ" ಎನ್ನುತ್ತಿದ್ದರು. ನಾಲ್ಕು ದಿನ ಹೋದ ಮೇಲೆ ಸುಬ್ಹಿಗೂ ಜಂಬ ಬಂತು. ಸಿಗ್ನಲ್ಲಿನಲ್ಲಿ ಪಕ್ಕದ ಕಾರುಗಳ ಹಿಂದಿನ ಹೊಗೆ ತೋರಿಸಿ, ಸ್ವತಃ ಹಾಜಿಯೇ ಆದವನಂತೆ ತಲೆಯಾಡಿಸುತ್ತಿದ್ದ. ಗಲ್ಲಿಯ ಔಷಧಿ ಅಂಗಡಿಯವರಿಗೆ, ಫ್ರೆಂಚ್ ಮೇಷ್ಟರಿಗೆ, ಹಲ್ಲಿನ ಡಾಕ್ಟರಿಗೆ ಕರೆದು ಕರೆದು ತೋರಿಸಿದ. "ಮೂಸಿ ನೋಡಿ ಸ್ವಾಮಿ, ಬೇಕಾದ್ರೆ ಹಿಂದಿಂದ ಮೂಸಿ! ಮಗು ಇದ್ದ ಹಾಗಿದೆ." ವರ್ಷ ತುಂಬುವಷ್ಟರಲ್ಲಿ ಗಲ್ಲಿಯಲ್ಲಿ ಬಿಳಿ, ಬೂದು, ನೀಲಿ ಮೂಗಿಯರು ಸಾಲಾಗಿ ನಿಂತರು. ಅವನ್ನೆಲ್ಲ ಮಾರಿದ ಅಜ್ಜಾಮ್ ಮಾವನ ಕೆನ್ನೆಗೆ ಮುತ್ತಿಟ್ಟ.

ಇನ್ನು ಕರೆಂಟಿನ ಮಾತು. ಅಲ್ಲಿ ಕರೆಂಟು ಎರಡು ಜಾತಿ. ಒಂದು ಸರ್ಕಾರದ್ದು, ಬಂದರೆ ಬಂತು ಇಲ್ಲವಾದರೆ ಇಲ್ಲ. ಬಹಳ ಸಲ ಇಲ್ಲ. ಇನ್ನೊಂದು ಚಂದಾ ಕರೆಂಟು. ಗಲ್ಲಿಗೊಬ್ಬ ಡೀಸೆಲ್ ಇಂಜಿನ್ ಇಟ್ಟುಕೊಂಡ ಆಸಾಮಿ ಇರುತ್ತಾನೆ, ಅವನಿಗೆ ಚಂದಾ ಕಟ್ಟಿದರೆ ಮನೆಗೊಂದು ತಂತಿ ಎಳೆದು ಇಷ್ಟು ಆಂಪಿಯರ್ ಎಂದು ಅಳೆದು ಕೊಡುತ್ತಾನೆ. ಈ ಗಲ್ಲಿಯ ಆಸಾಮಿ ಹಾಜ್ ಅಬು ದೀಬ್. ಎಲ್ಲರ ಮನೆಯಲ್ಲೂ ಸರ್ಕಾರದ ತಂತಿಗೆ ಸಿಕ್ಕಿಸಿದ ಒಂದು ಪುಟ್ಟ ಕೆಂಪು ದೀಪ ಇರುತ್ತದೆ. ಅದು ಹೊತ್ತಿತೆಂದರೆ ಮನೆಮಂದಿಯೆಲ್ಲ ದಡಬಡ ಎದ್ದು ಬಟ್ಟೆ ಒಗೆಯುವ ಯಂತ್ರ, ಇಸ್ತ್ರಿ, ನೀರಿನ ಪಂಪು ಎಲ್ಲ ಒಟ್ಟಿಗೆ ಹಚ್ಚುತ್ತಾರೆ. ಕರೆಂಟು ಬಂತು ಎಂದು ಯಾರೂ ಅನ್ನುವುದಿಲ್ಲ. "ಸರ್ಕಾರ ಬಂತು!" ಎನ್ನುತ್ತಾರೆ. ಬೇರೆ ಯಾವ ರೂಪದಲ್ಲೂ ಸರ್ಕಾರವನ್ನು ನೋಡದ ಜನ, ಈ ರೂಪದಲ್ಲಾದರೂ ಬಾಯಿ ತುಂಬ ಕರೆಯುತ್ತಾರೆ.

ಆ ದೀಪ ಕಾಯುವುದು ವಫೀಕಾಳ ಕೆಲಸವಾಯಿತು. ಕೆಂಪಗೆ ಹೊತ್ತಿದ ಕೂಡಲೇ ಫೋನು ಹಚ್ಚಿ, ಉಸಿರು ಸಾಲದಿದ್ದರೂ ಕೂಗುತ್ತಿದ್ದಳು: "ಸುಬ್ಹಿ, ಸರ್ಕಾರ ಬಂತು! ಓಡಿ ಬಾ!" ಸುಬ್ಹಿ ಪ್ರಯಾಣಿಕರನ್ನು ದಾರಿಯಲ್ಲಿ ಇಳಿಸಿ, ಬೈಸಿಕೊಂಡು ಬರುತ್ತಿದ್ದ. ಅವಳು ಸೊಪ್ಪು, ರೊಟ್ಟಿ ಮೇಲಕ್ಕೆಳೆಯುವ ಬಾಲ್ಕನಿಯ ಬುಟ್ಟಿಯಲ್ಲಿ ಕಾರಿನ ಕೇಬಲ್ಲು ಸುರುಳಿ ಸುತ್ತಿ ಇಳಿಬಿಡುತ್ತಿದ್ದಳು. ಬುಟ್ಟಿ ಇಳಿಯುವುದನ್ನು ನೋಡಿ ಎದುರು ಮನೆಯವಳು, "ಏನು ಉಮ್ಮ್ ಶಕ್ರಾ, ಮಗಳಿಗೆ ಹಾಲಾ?" ಎನ್ನುವಳು. "ಇಲ್ಲಮ್ಮಾ, ಸರ್ಕಾರಿ ಊಟ!" ಎಂದು ಇವಳು. ಆ ಕೆಲವು ತಿಂಗಳು ಅವರು ಸುಖವಾಗಿದ್ದರು ಎಂದೇ ಹೇಳಬೇಕು.

ಬೇಸಿಗೆ ಬಂತು, ಸರ್ಕಾರ ಬರುವುದು ಇನ್ನೂ ಅಪರೂಪವಾಯಿತು. ಕಾರು ನಿಂತರೆ ಒಲೆ ಉರಿಯುವುದಿಲ್ಲ. ಸುಬ್ಹಿ ಅಬು ದೀಬ್‌ನ ಹತ್ತಿರ ಹೋಗಿ ಚಂದಾ ಎರಡರಷ್ಟು ಮಾಡಿಸಿದ. ಔಷಧಿ ಅಂಗಡಿಯವರೂ ಮಾಡಿಸಿದರು, ಮೇಷ್ಟರೂ, ಹಲ್ಲಿನ ಡಾಕ್ಟರೂ. ಹಳೆಯ ಇಂಜಿನ್ ಇಷ್ಟು ಮೂಗಿಯರ ಹೊಟ್ಟೆ ತುಂಬಿಸಲಾರದೆ ದಿನಕ್ಕೆರಡು ಸಲ ಬಿಕ್ಕಿ ನಿಲ್ಲತೊಡಗಿತು. ಅಬು ದೀಬ್ ದೊಡ್ಡದೊಂದು ತರಿಸಿದ. ಲಾರಿಯಲ್ಲಿ ಬಂದ ಅದನ್ನು ಕ್ರೇನಿನಿಂದ ಇಳಿಸಿದ್ದು ಖಾಲಿ ಜಾಗವೆಂದು ಗಲ್ಲಿಯಲ್ಲಿ ಉಳಿದಿದ್ದ ಒಂದೇ ಮೂಲೆಯಲ್ಲಿ: ಸುಬ್ಹಿಯ ಮನೆಯ ಕಿಟಕಿಯ ಕೆಳಗೆ.

ಹೊಸ ಇಂಜಿನ್ನು ಶುರುವಾದಾಗ ಗೋಡೆಗೆ ತೂಗುಹಾಕಿದ್ದ ತಟ್ಟೆಗಳು ಅದುರಿದವು. ಕೊಳವೆಯ ಬಾಯಿಂದ ಕಪ್ಪು ಹೊಗೆ ಮೇಲಕ್ಕೆದ್ದು, ಬಾಲ್ಕನಿಯ ತುಳಸಿಯಂಥ ಗಿಡಗಳ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ ಮಸಿ ಕೂತಿತು. ಕಿಟಕಿ ಮುಚ್ಚಿದರೆ ಸೆಖೆಗೆ ಉಸಿರು ಕಟ್ಟುತ್ತದೆ, ತೆರೆದರೆ ಹೊಗೆಗೆ. ವಫೀಕಾಳ ಕೆಮ್ಮಿನ ದನಿಯೇ ಬದಲಾಯಿತು.

ಸುಬ್ಹಿ ಮೊದಲು ಅರ್ಥ ಮಾಡಿಕೊಳ್ಳಲಿಲ್ಲ. ಅರ್ಥವಾಗದೆ ಇರಲಿ ಎಂದು ಹೆಣಗಿದ ಎಂದರೆ ಸರಿ. ಸೌರ ಫಲಕ ಹಾಕಿಸೋಣವೆಂದರೆ ಮಾಳಿಗೆಯ ತುಂಬ ನೀರಿನ ಟ್ಯಾಂಕು, ಉಳಿದ ಜಾಗಕ್ಕೆ ಮೂರನೇ ಮಹಡಿಯವರು ಆಗಲೇ ಫಲಕ ಹಾಸಿ ಬೀಗ ಜಡಿದಿದ್ದರು. ಮನೆ ಬದಲಾಯಿಸೋಣವೆಂದರೆ ಅಪ್ಪನ ಕಾಲದ ಅಗ್ಗದ ಬಾಡಿಗೆಯ ಮನೆ. ಇದನ್ನು ಬಿಟ್ಟರೆ ಬೀದಿಯೇ ಗತಿ. ಅವನಿಗೆ ತೋಚಿದ್ದು ಒಂದೇ. ಮಧ್ಯಾಹ್ನ ಪ್ರಯಾಣಿಕರು ಕಡಿಮೆಯಾದಾಗ ವಫೀಕಾಳನ್ನು ಎತ್ತಿಕೊಂಡಂತೆ ಇಳಿಸಿ, ಕಾರಿನಲ್ಲಿ ಕೂರಿಸಿ, ಹಳೆಯ ರೈಲು ನಿಲ್ದಾಣಕ್ಕೆ ಕರೆದೊಯ್ಯುವುದು.

ರೈಲು ನಿಂತು ಎಷ್ಟೋ ಕಾಲವಾಯಿತು. ದೇಶದ ಒಳಯುದ್ಧ ಶುರುವಾದಾಗ ನಿಂತದ್ದು ಮತ್ತೆ ಹೊರಡಲಿಲ್ಲ. ತುಕ್ಕು ಹಿಡಿದ ಇಂಜಿನ್ನುಗಳ ಹೊಟ್ಟೆಯೊಳಗಿಂದ ಅಂಜೂರದ ಗಿಡ ಹೊರಗೆ ಚಾಚಿತ್ತು. ಹಳಿಗಳ ನಡುವೆ ಮೊಣಕಾಲುದ್ದ ಹುಲ್ಲು. ಸುಬ್ಹಿಯ ತಂದೆ ಅಲ್ಲಿ ಬಾವುಟ ಹಿಡಿಯುವ ಕೆಲಸದಲ್ಲಿದ್ದವರು. ಗೋಡೆಯ ಬಿರುಕಿನಿಂದ ಒಳಗೆ ಹೋಗಿ ಪ್ಲಾಟ್‌ಫಾರಮ್ಮಿನ ಕಲ್ಲಿನ ಮೇಲೆ ಇಬ್ಬರೂ ಕೂರುತ್ತಿದ್ದರು. ಅಲ್ಲಿಗೆ ಸಮುದ್ರದ ಗಾಳಿ ನೇರ ಬರುತ್ತದೆ.

"ಆಗ ನಿಮ್ಮಪ್ಪನ ಒಂದು ಇಂಜಿನ್ನು, ಹಿಂದೆ ನೂರು ಜನ" ಎಂದಳು ಒಂದು ದಿನ ವಫೀಕಾ. "ಈಗ ನೂರು ಜನಕ್ಕೆ ನೂರು ಕಾರು. ಅದಕ್ಕೆ ಹೊಟ್ಟೆಗೆ ಹಾಕೋಕೆ ಅಬು ದೀಬ್‌ನ ಇಂಜಿನ್ನು. ನಾವು ಬುದ್ಧಿವಂತರಾದ್ವಾ ಸುಬ್ಹಿ?"

"ಜಾಸ್ತಿ ಮಾತಾಡ್ಬೇಡ, ಉಸಿರು ಹಿಡಿಯುತ್ತೆ."

"ಮಾತಾಡದೆ ಉಸಿರು ಉಳಿಸಿ ಏನು ಗಂಟು ಕಟ್ಟಲಾ?"

ಅವನು ನಕ್ಕ. ವಾಪಸು ಹೊರಟು ಕಾರು ಹತ್ತಿದಾಗ ಬ್ಯಾಟರಿಯ ಮುಳ್ಳು ಕೆಳಗಿಳಿದಿರುವುದು ಕಂಡಿತು. ಸಂಜೆ ಮತ್ತೆ ಕೇಬಲ್ಲು ಹಚ್ಚಬೇಕು. ಹಚ್ಚಿದರೆ ಕೆಳಗಿನ ಇಂಜಿನ್ನು ಇನ್ನಷ್ಟು ಎಳೆಯಬೇಕು. ಇವಳನ್ನು ಒಳ್ಳೆಯ ಗಾಳಿಗೆ ಕರೆತಂದ ತಪ್ಪಿಗೆ ಇವಳ ಕಿಟಕಿಗೇ ಹೊಗೆ. ಅಷ್ಟು ಹೊತ್ತು ಬಾಗಿಲಾಚೆ ನಿಲ್ಲಿಸಿದ್ದ ಅರ್ಥ ಆಗ ಒಳಗೆ ಬಂದು ಕೂತಿತು. ಹೊಗೆ ಹೋಗಿರಲಿಲ್ಲ. ಬೀದಿಯಲ್ಲಿ ಶಕ್ರಾಳ ಬಾಲಕ್ಕಿದ್ದದ್ದನ್ನು ಬಿಚ್ಚಿ ತಂದು ಅವನೇ ಹೆಂಡತಿಯ ತಲೆದಿಂಬಿಗೆ ಕಟ್ಟಿದ್ದ. ಆ ಸಂಜೆ ಅವನು ಯಾಕೆ ಊಟ ಬಿಟ್ಟನೆಂದು ವಫೀಕಾಳಿಗೆ ಗೊತ್ತಾಗಲಿಲ್ಲ. ಬದನೆಕಾಯಿ ಸರಿಯಾಗಿ ಬೆಂದಿಲ್ಲವೆಂದುಕೊಂಡಳು.

ಅದಾಗಿ ಕೆಲವೇ ದಿನ. ಮಧ್ಯಾಹ್ನದ ನಮಾಜಿಗೆ ಹೊರಟ ಸುಬ್ಹಿ ಕಾರನ್ನು ಕೆಳಗೆ ನಿಲ್ಲಿಸಿ, ಬುಟ್ಟಿಯ ಕೇಬಲ್ಲು ಸಿಕ್ಕಿಸಿ ನಡೆದುಹೋದ. ಬೀದಿಯ ತುದಿಯಲ್ಲಿ ಕನ್ನಡಕ ಮರೆತದ್ದು ನೆನಪಾಗಿ ಹಿಂದಿರುಗಿದ. ಮೆಟ್ಟಿಲು ಹತ್ತುವಾಗ ಏನೋ ಕಡಿಮೆಯಾದಂತೆ ಅನಿಸಿತು. ಕೆಳಗೆ ಇಂಜಿನ್ನು ಗುಡುಗುತ್ತಲೇ ಇತ್ತು. ಬಾಗಿಲ ಹೊರಗೇ ಕೇಳಬೇಕಾದ ಯಂತ್ರದ ಸದ್ದು ಕೇಳಲಿಲ್ಲ.

ವಫೀಕಾ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು. ನಳಿಗೆ ಮೂಗಿನಲ್ಲೇ ಇತ್ತು. ತುಟಿ ಮಾತ್ರ ನೇರಳೆಗಟ್ಟಿತ್ತು. ಸುಬ್ಹಿ ನೀರಿನ ಬಾಟಲಿಯತ್ತ ನೋಡಿದ. ಒಂದು ಗುಳ್ಳೆಯೂ ಇಲ್ಲ, ನೀರು ನಿಂತ ಕೊಳದ ಹಾಗೆ ನಿಂತಿತ್ತು. ಯಂತ್ರದ ವೈರು ಗೋಡೆಯಿಂದ ಕಳಚಿ, ಅವಳ ಪಾದದ ಹತ್ತಿರ ಅಂದವಾಗಿ ಸುತ್ತಿಟ್ಟಿತ್ತು.

"ಏನಿದು? ಯಾರು ಕಿತ್ತಿದ್ದು?"

"ನಾನೇ." ಸಿಕ್ಕಿಬಿದ್ದ ಹುಡುಗಿಯ ನಗು. "ಕಾರು, ಯಂತ್ರ ಎರಡೂ ಒಟ್ಟಿಗೆ ಹಚ್ಚಿದ್ರೆ ಫ್ಯೂಸು ಬೀಳುತ್ತಲ್ಲಾ. ಬಿದ್ರೆ ಎತ್ತೋಕೆ ಕೆಳಗಿಳೀಬೇಕು. ನನ್ನ ಕೈಲಿ ಆಗುತ್ತಾ?"

"ಫ್ರಿಜ್ಜು ಆರಿಸು ಅಂದಿದ್ನಲ್ಲಾ ನಿಂಗೆ!"

"ಅದನ್ನೂ ಆರಿಸ್ದೆ. ಆದ್ರೂ ಬೀಳುತ್ತೆ. ಕಾರಿಗೆ ಹೊಟ್ಟೆ ತುಂಬ್ಲಿ ಅಂತ... ಸ್ವಲ್ಪ ಹೊತ್ತು ತಾನೇ."

"ಎಷ್ಟು ದಿನದಿಂದ?"

ಅವಳು ಪಾದದಿಂದ ವೈರನ್ನು ಕುರ್ಚಿಯ ಕೆಳಗೆ ಸರಿಸಿದಳು. ಬೇಸಿಗೆಯುದ್ದಕ್ಕೂ, ಕೇಬಲ್ಲು ಇಳಿಬಿಟ್ಟಾಗಲೆಲ್ಲ, ಅವನು ಬೀದಿ ದಾಟಿದ ಮೇಲೆ ಅವಳು ತನ್ನ ಉಸಿರಿನ ವೈರು ಕಿತ್ತು ಅವನ ಕಾರಿಗೆ ಕೊಟ್ಟಿದ್ದಳು. ಅವನು ಬರುವ ಸದ್ದಾದರೆ ಮತ್ತೆ ಸಿಕ್ಕಿಸುತ್ತಿದ್ದಳು. ನಳಿಗೆಯನ್ನು ಮಾತ್ರ ಮೂಗಿನಿಂದ ತೆಗೆಯುತ್ತಿರಲಿಲ್ಲ, ಎದುರು ಮನೆಯವಳು ನೋಡಿ ಹೇಳಿಬಿಟ್ಟಾಳೆಂದು.

ಸುಬ್ಹಿ ಬಾಲ್ಕನಿಗೆ ಹೋಗಿ ಕೇಬಲ್ಲನ್ನು ಕಿತ್ತು ಬುಟ್ಟಿಯ ಸಮೇತ ಬೀದಿಗೆ ಎಸೆದ. ಯಂತ್ರ ಹಚ್ಚಿದ. ಗುಳ್ಳೆಗಳು ಎದ್ದವು. ಅವಳ ಮುಂದೆ ನೆಲದ ಮೇಲೆ ಕೂತು, ಅವಳ ಮೊಣಕಾಲಿಗೆ ತಲೆಯಿಟ್ಟು ಅತ್ತ. ನಡುವಯಸ್ಸು ದಾಟಿದ ಗಂಡಸು ಹಾಗೆ ಅತ್ತದ್ದನ್ನು ಅವಳು ನೋಡಿರಲಿಲ್ಲ. ಅವಳು ಅವನ ಬಕ್ಕತಲೆ ಸವರುತ್ತ, "ನನ್ನ ಮಣ್ಣು ಮಾಡೋನೇ, ಅಳಬಾರದು..." ಎಂದು ಶುರುಮಾಡಿದಳು.

"ಆ ಮಾತು ಆಡ್ಬೇಡ!" ಎಂದು ಅವನು ಕಿರುಚಿದ. "ಇನ್ನೊಂದ್ಸಲ ಆ ಮಾತು ಬಾಯಿಗೆ ತರಬೇಡ ವಫೀಕಾ!"

ನೇರ ಅಬು ದೀಬ್‌ನ ಹತ್ತಿರ ಹೋದ. ಹಾಜ್ ತನ್ನ ಇಂಜಿನ್ನಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಲ್ಲಂಗಡಿ ತಿನ್ನುತ್ತಿದ್ದ. ಆ ಸದ್ದಿನಲ್ಲಿ ಇಬ್ಬರೂ ಕೂಗಿಯೇ ಮಾತಾಡಬೇಕಾಯಿತು.

"ಹಾಜ್, ಆ ಕೊಳವೆನಾದ್ರೂ ಮೇಲಕ್ಕೆ ಏರಿಸಿ!"

"ಏರಿಸಿದ್ರೆ ಮೂರನೇ ಮಹಡಿಯೋರು ನನ್ನ ಚರ್ಮ ಸುಲೀತಾರೆ. ಹೊಗೆ ಎಲ್ಲಾದ್ರೂ ಹೋಗ್ಬೇಕಲ್ಲಪ್ಪಾ. ಜೇಬಲ್ಲಿ ಇಟ್ಕೊಂಡು ಓಡಾಡ್ಲಾ?"

"ಹಾಗಾದ್ರೆ ನನ್ನ ಆಂಪಿಯರ್ ಇಳಿಸಿ. ನನ್ನ ಕಾರಿಗೆ ನಿಮ್ಮ ಕರೆಂಟು ಬೇಡ."

"ಈಗ್ಲೇ ಇಳಿಸ್ತೀನಿ. ಆದ್ರೆ ನೀನೊಬ್ಬ ಬಿಟ್ಟೆ ಅಂತ ಇದು ನಿಲ್ಲುತ್ತಾ?" ಅಬು ದೀಬ್ ಚಾಕುವಿನಿಂದ ಬೀದಿಯ ಸಾಲನ್ನು ತೋರಿಸಿದ. "ಅದು ಮೇಷ್ಟ್ರದ್ದು. ಅದು ಹಲ್ಲಿನ ಡಾಕ್ಟ್ರದ್ದು. ಆ ನೀಲಿ ಔಷಧಿ ಅಂಗಡಿಯೋರದ್ದು. ಎಲ್ಲಾ ಮಗು ಇದ್ದ ಹಾಗಿರೋ ಕಾರುಗಳೇ. ಹಿಂದಿಂದ ಮೂಸಿ ಅಂತ ಕರೆದು ಕರೆದು ತೋರಿಸಿದ್ಯಾರು ಅಬು ಶಕ್ರಾ? ನಾನಾ?"

ಅಬು ದೀಬ್ ಒಂದು ಹೋಳು ಕಲ್ಲಂಗಡಿ ಮುಂದೆ ಚಾಚಿದ. ದನಿ ಇಳಿಸಿದರೆ ಕೇಳುವಂತಿರಲಿಲ್ಲ, ಆದರೂ ಇಳಿಸಿಯೇ ಏನೋ ಹೇಳಿದ. ತುಟಿ ನೋಡಿ ಸುಬ್ಹಿಗೆ ಗೊತ್ತಾಯಿತು: ನಮ್ಮಮ್ಮನೂ ಇದೇ ಗಲ್ಲೀಲೇ ಇರೋದು ಕಣಯ್ಯಾ.

ಉಳಿದದ್ದು ಬೆಟ್ಟ. ದಿನ್ನಿಯೆ ಎಂಬ ಬೆಟ್ಟಸೀಮೆಯ ಸೀರ್ ಊರಿನಲ್ಲಿ ವಫೀಕಾಳ ತಂಗಿ ಯುಸ್ರಾ ಇದ್ದಳು. ಗಂಡ ತೀರಿಕೊಂಡವಳು; ಒಂದು ತುಂಡು ಸೇಬಿನ ತೋಟ, ಮಾಳಿಗೆಯ ಮೇಲೆ ನಾಲ್ಕಾರು ಸೌರ ಫಲಕ, ರಾತ್ರಿಗೆಂದು ಬ್ಯಾಟರಿ. ಬಲ್ಬಿಗೆ, ಫ್ರಿಜ್ಜಿಗೆ, ಅಕ್ಕನ ಯಂತ್ರಕ್ಕೆ ಆದೀತು, ಕಾರಿಗೆ ಆಗದು. ಹತ್ತಿರದಲ್ಲಿ ಇಂಜಿನ್ನಿಲ್ಲ. ಫೋನು ಮಾಡಿದಾಗ ಯುಸ್ರಾ, "ನಾಳೆ ಅನ್ಬೇಡಿ ಭಾವ, ಇವತ್ತೇ ಕರ್ಕೊಂಡು ಬನ್ನಿ" ಎಂದಳು. ಆದರೆ ಸುಬ್ಹಿ ಅಲ್ಲಿ ಉಳಿಯುವಂತಿಲ್ಲ. ಸೀರ್‌ನಲ್ಲಿ ಟ್ಯಾಕ್ಸಿ ಹತ್ತುವವರು ಯಾರು? ಯಂತ್ರಕ್ಕೆ, ಔಷಧಿಗೆ, ರೊಟ್ಟಿಗೆ ಕೆಳಗೆ ದುಡಿಯಲೇಬೇಕು.

ವಫೀಕಾ ಹಟ ಹಿಡಿದಳು. "ಅಲ್ಲಿ ಹೋಗಿ ಏನ್ಮಾಡ್ಲಿ? ಯುಸ್ರಾಳ ಕೋಳಿ ಎಣಿಸ್ಲಾ?"

"ಉಸಿರಾಡು. ಅಷ್ಟು ಸಾಕು."

"ಸರ್ಕಾರ ಬಂದ್ರೆ ನಿಂಗೆ ಯಾರು ಹೇಳ್ತಾರೆ?"

"ಯಾರೂ ಹೇಳದಿದ್ರೂ ಬರುತ್ತೆ, ಹೋಗುತ್ತೆ."

"ಎಷ್ಟು ದಿನಕ್ಕೆ?"

ಆ ಇಂಜಿನ್ನು ಅಲ್ಲಿರುವವರೆಗೆ ಎಂದರೆ ಎಷ್ಟು ದಿನ? ಆ ಊರಲ್ಲಿ ತಾತ್ಕಾಲಿಕವೆಂದು ಬಂದ ಯಾವುದೂ ಹಿಂದೆ ಹೋದದ್ದಿಲ್ಲ. ಅವಳಿಗೂ ಅದು ಗೊತ್ತಿತ್ತು. ಎರಡು ದಿನ ಹಟ ಬಿಡಲಿಲ್ಲ. ಮೂರನೆಯ ದಿನ ಕೆಮ್ಮಿ ಕೆಮ್ಮಿ ಕರವಸ್ತ್ರದಲ್ಲಿ ಕಪ್ಪು ಕಂಡಾಗ, ತಾನೇ ಎದ್ದು ಬಟ್ಟೆ ಮಡಚತೊಡಗಿದಳು.

ಸರ್ಕಾರ ಬಂದ ಒಂದು ಬೆಳಗ್ಗೆ, ಕಾರಿಗೆ ಹೊಟ್ಟೆ ತುಂಬಿದ ಮೇಲೆ ಹೊರಟರು. ಪೇಟೆ ದಾಟಿ ಏರು ಶುರುವಾದದ್ದೇ ಬ್ಯಾಟರಿಯ ಮುಳ್ಳು ಕಣ್ಣೆದುರೇ ಕುಸಿಯತೊಡಗಿತು. ಸುಬ್ಹಿ ತಂಪಿನ ಗುಂಡಿ ಆರಿಸಿದ, ರೇಡಿಯೋ ಆರಿಸಿದ. ಪ್ರತಿ ತಿರುವಿಗೂ ಅವನ ಕಣ್ಣು ಮುಳ್ಳಿನ ಮೇಲೆ. ವಫೀಕಾ ಕಿಟಕಿ ಇಳಿಸಿದಳು. ಮೊದಲು ಆಲಿವ್ ತೋಟದ ಧೂಳು, ಆಮೇಲೆ ಪೈನ್ ಮರದ ಅಂಟಿನ ವಾಸನೆ, ಆಮೇಲೆ ಯಾವ ವಾಸನೆಯೂ ಇಲ್ಲದ ತಣ್ಣನೆಯ ಗಾಳಿ. ಅವಳು ಬಾಯಿ ತೆರೆದು ಅದನ್ನು ಕುಡಿದಳು. ಕೆನ್ನೆಗೆ ಒಂದಿಷ್ಟು ಬಣ್ಣ ಬಂತು. ಅದನ್ನು ನೋಡಿ ಸುಬ್ಹಿಗೆ ಸಂತೋಷವಾಯಿತು, ಸಂತೋಷವಾದದ್ದಕ್ಕೆ ಸಂಕಟವೂ ಆಯಿತು. ಅವನ ಪಕ್ಕದಲ್ಲಿ ಅವಳು ಹೀಗೆ ಉಸಿರಾಡಿದ್ದು ಎಷ್ಟು ಕಾಲದ ಹಿಂದೆ?

"ಮೂಗಿ ಪಾಪ, ಸುಸ್ತಾಗಿದ್ದಾಳೆ" ಎಂದಳು ಅವಳು ಮುಳ್ಳು ನೋಡಿ.

"ನಿನ್ನ ಮುಟ್ಟಿಸ್ತಾಳೆ, ಹೆದರಬೇಡ."

"ನಾನೆಲ್ಲಿ ಹೆದರಿದೆ? ಅರ್ಧ ದಾರೀಲಿ ನಿಂತ್ರೆ ಚೆನ್ನಾಗಿತ್ತು ಅಂದ್ಕೊಂಡೆ."

ಮೂಗಿ ನಿಲ್ಲಲಿಲ್ಲ. ಸೀರ್ ತಲುಪಿದಾಗ ಮುಳ್ಳು ಕೆಂಪಿನ ಹತ್ತಿರ ತೂಗಾಡುತ್ತಿತ್ತು. ಯುಸ್ರಾ ಬಾಗಿಲಲ್ಲೇ ಅಕ್ಕನನ್ನು ತಬ್ಬಿ ಅತ್ತು, ಅಳುತ್ತಲೇ ಕೋಳಿಗಳನ್ನು ಓಡಿಸಿದಳು. ಯಂತ್ರವನ್ನು ತೋಟದ ಕಡೆಯ ಕೋಣೆಯಲ್ಲಿಟ್ಟರು. ಸುಬ್ಹಿ ಬಾಟಲಿಗೆ ನೀರು ತುಂಬಿ, ಗುಳ್ಳೆ ಏಳುವವರೆಗೆ ಬಗ್ಗಿ ನೋಡಿದ. ಊಟಕ್ಕೆ ಮೊಸರು ಹಾಕಿ ಬೇಯಿಸಿದ ಸೋರೆಕಾಯಿ ಇತ್ತು. ಏನು ತಿಂದನೋ ಅವನಿಗೆ ತಿಳಿಯಲಿಲ್ಲ. ಯುಸ್ರಾಳ ಫಲಕಗಳಿಂದ ಕಾರಿಗೆ ಒಂದೆರಡು ಗುಟುಕಾದರೂ ಕುಡಿಸು ಎಂದು ವಫೀಕಾ ಅಂದರೆ ಅವನು ಒಪ್ಪಲಿಲ್ಲ. "ಬೇಡ. ಆ ಯಂತ್ರದ ಜೊತೆ ಇನ್ನೇನನ್ನೂ ಹಚ್ಚಬೇಡಿ. ಆಣೆ ಮಾಡು ಯುಸ್ರಾ." ಯುಸ್ರಾ ಆಣೆ ಮಾಡಿದಳು.

ಹೊರಡುವಾಗ ವಫೀಕಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ರೂಢಿಯ ಮಾತು ತುಟಿಯವರೆಗೆ ಬಂತು. ಅವನು ಬೇಡವೆಂದದ್ದು ನೆನಪಾಗಿ ನುಂಗಿದಳು. ಆಮೇಲೆ ಸುಬ್ಹಿಯೇ, ಇಷ್ಟು ವರ್ಷ ಬರೀ ಕೇಳಿಸಿಕೊಂಡವನು, ನೆಲ ನೋಡುತ್ತ ಹೇಳಿದ:

"ನಿನ್ನ ಕೈಯಾರೆ ನನ್ನ ಮಣ್ಣು ಮಾಡು, ವಫೀಕಾ."

ಅವಳಿಗೆ ಅರ್ಥವಾಯಿತು. ಇದು ಮುದ್ದಿನ ಮಾತಲ್ಲ, ಅಪ್ಪಣೆ. ನನಗಿಂತ ಮೊದಲು ಹೋಗಕೂಡದು ಎಂಬ ಅಪ್ಪಣೆ. "ಪ್ರಯತ್ನ ಮಾಡ್ತೀನಿ" ಎಂದಳು.

ಈ ಉಳಿದ ಚೂರು ಕರೆಂಟಿನಲ್ಲಿ ಟ್ರಿಪೋಲಿ ಮುಟ್ಟುತ್ತೇನೋ ಇಲ್ಲವೋ ಎಂದು ಸುಬ್ಹಿ ಗಾಬರಿಯಲ್ಲೇ ಇಳಿಯತೊಡಗಿದ. ಪೆಡಲಿನ ಮೇಲೆ ಕಾಲು ಒತ್ತದೆ, ಕಾರನ್ನು ಅದರ ಪಾಡಿಗೆ ಬಿಟ್ಟ. ಒಂದು ತಿರುವು, ಇನ್ನೊಂದು ತಿರುವು. ಪಕ್ಕದ ಸೀಟಿನಲ್ಲಿ ಅವಳ ಕರವಸ್ತ್ರ ಬಿದ್ದಿತ್ತು. ಪೈನ್ ಮರಗಳು ಮುಗಿಯುವ ಹೊತ್ತಿಗೆ ಮುಳ್ಳಿನ ಕಡೆ ಕಣ್ಣು ಹೋಯಿತು. ಕೆಂಪು ದಾಟಿ ಮೇಲೆ ಬಂದಿತ್ತು. ಕಣ್ಣು ಮಂಜಾಗಿದೆಯೆಂದು ಒರೆಸಿಕೊಂಡು ನೋಡಿದ. ಮತ್ತೂ ಮೇಲೇರುತ್ತಿತ್ತು. ಅಜ್ಜಾಮ್ ಹೇಳಿದ್ದ ಮಾತು, ಅವನು ಗದರಿ ತಳ್ಳಿದ್ದ ಮಾತು ನೆನಪಾಯಿತು. ಇಳಿಜಾರಲ್ಲಿ ತಾನೇ ಕರೆಂಟು ಹುಟ್ಟಿಸಿಕೊಳ್ಳುತ್ತೆ.

ಯಾವ ಇಂಜಿನ್ನೂ ಗುಡುಗಲಿಲ್ಲ, ಯಾರ ಕಿಟಕಿಗೂ ಮಸಿ ಹೋಗಲಿಲ್ಲ. ಆ ಕಾರು ಮನೆಗೆ ಬಂದಾಗಿನಿಂದ ಯಾರ ಉಸಿರನ್ನೂ ಕೇಳದೆ ಹುಟ್ಟಿದ ಕರೆಂಟು ಇದೊಂದೇ. ಅವಳಿಂದ ದೂರ ಹೋದಷ್ಟೂ ತುಂಬುತ್ತಿತ್ತು. ಸುಬ್ಹಿ ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿದ. ನಿಲ್ಲಿಸಿದ ಕೂಡಲೇ ಮುಳ್ಳೂ ನಿಂತಿತು. ಎಷ್ಟೋ ಹೊತ್ತಿನ ಮೇಲೆ ಮತ್ತೆ ಹೊರಟ.

ಸಂಜೆಯ ಬೆಳಕಿರುವಾಗಲೇ ಮನೆ ಸೇರಿದ. ಗಲ್ಲಿ ವಿಚಿತ್ರವಾಗಿ ಶಾಂತವಾಗಿತ್ತು. ಅಬು ದೀಬ್‌ನ ಇಂಜಿನ್ನು ನಿಂತಿತ್ತು. ಬಾಗಿಲು ತೆಗೆದರೆ ಮಬ್ಬು ಕೋಣೆಯಲ್ಲಿ ಕೆಂಪು ದೀಪ ಹೊತ್ತಿಕೊಂಡಿತ್ತು. ಸರ್ಕಾರ ಬಂದಿತ್ತು. ಯಾವಾಗ ಬಂತೋ ಹೇಳುವವರಿರಲಿಲ್ಲ. ಖಾಲಿ ಕುರ್ಚಿಯ ಎದುರು, ಇನ್ನೊಂದು ಕುರ್ಚಿ ಎಳೆದುಕೊಂಡು ಕೂತ.

ಫೋನು ರಿಂಗಾಯಿತು.

"ಮುಟ್ಟಿದ್ಯಾ? ಸರ್ಕಾರ ಬಂತಾ?" ವಫೀಕಾಳ ದನಿ ತಿಳಿಯಾಗಿತ್ತು. ಹಿಂದೆ ಗುಳುಗುಳು ಕೇಳುತ್ತಿತ್ತು.

"ಬಂದಿದೆ."

"ಮತ್ಯಾಕೆ ಸುಮ್ನೆ ಕೂತಿದ್ದೀಯ? ಬುಟ್ಟಿ ಬಿಡು, ಕಾರಿಗೆ ಹಚ್ಚು."

"ಈಗ್ಲೇ ಬೇಡ. ನಾಳೆ ಮಧ್ಯಾಹ್ನದವರೆಗೂ ಸಾಕಾಗುತ್ತೆ."

"ಎಲ್ಲಿ ತುಂಬಿಸ್ದೆ? ದಾರೀಲಿ ಯಾರು ಕೊಟ್ರು?"

"ಇಳಿಜಾರಲ್ಲಿ ತಾನೇ ತುಂಬ್ಕೊಳ್ತು."

ಅವಳು ಗಟ್ಟಿಯಾಗಿ ನಕ್ಕಳು. ಕೆಮ್ಮು ಬರದೆ ಪೂರ್ತಿ ನಕ್ಕಳು. ಅವನು ಅದನ್ನು ಕಿವಿಗೆ ಒತ್ತಿಕೊಂಡು ಕೇಳಿದ. "ಪುಕ್ಕಟೆನಾ? ಹಾಗಾದ್ರೆ ವಾರ ವಾರ ಬಾ ಸುಬ್ಹಿ. ಬಂದು ನನ್ನ ಬಿಟ್ಟು ಹೋಗು. ಬಿಟ್ಟು ಹೋದಾಗೆಲ್ಲಾ ತುಂಬುತ್ತೆ."

ಅಷ್ಟರಲ್ಲಿ ಕೆಂಪು ದೀಪ ಆರಿತು. ಕೆಳಗೆ ಇಂಜಿನ್ನು ಎರಡು ಸಲ ಕೆಮ್ಮಿ ಶುರುವಾಯಿತು, ಗೋಡೆಯ ತಟ್ಟೆಗಳು ಅದುರಿದವು. ಅವಳಿಗೆ ಆ ಸದ್ದು ಕೇಳಬಾರದೆಂದು ಅವನು ಫೋನನ್ನು ಅಂಗೈಯಿಂದ ಮುಚ್ಚಿ, ಎದ್ದು ಹೋಗಿ ಕಿಟಕಿ ಹಾಕಿದ.